ಚಾವಣಿ ಮುಚ್ಚಿಯೇ ಓಡಿಸಿ ನೋಡಿ

ಚಾವಣಿ ತೆರೆಯುವ ಪುಟ್ಟ ಕಾರುಗಳು ಭಾರತಕ್ಕೆ ಬಂದದ್ದೇ ಅಪರೂಪ. 2014ರಲ್ಲಿ ಬಂದ ಆಡಿ ಎ3 ಕ್ಯಾಬ್ರಿಯೊಲೆ ಕೂಡ ಪೆಟ್ರೋಲ್ ಗಾಡಿಯೇ. ಬ್ರಿಟನ್ನಿನಲ್ಲಿ ಹಾಗಲ್ಲ. ಪ್ಯೂಜೊ 207 ಸಿಸಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಕ್ಯಾಬ್ರಿಯೊಲೆ, ಮಿನಿ ಕೂಪರ್ ಡಿ ಕನ್ವರ್ಟಿಬಲ್ ಮುಂತಾದ ಡೀಸೆಲ್ ಕಾರುಗಳು ಅಲ್ಲಿನ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸಿಗುತ್ತವೆ. ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರಿಗೂ ಇಂಥದೊಂದರ ಮೇಲೆ ಆಸೆ ಹುಟ್ಟಿದರೆ ತಪ್ಪೇನಿಲ್ಲ. ಆದರೆ ಬಿಸಿಲಿರುವ ದಿನ ಹೋಗಿ, ಚಾವಣಿ ತೆಗೆದು, ಊರೊಳಗೆ ಒಂದು ಸುತ್ತು ಹಾಕಿ ಮುಂಗಡ ಕೊಟ್ಟು ಬಂದರೆ ಅದನ್ನು ಟೆಸ್ಟ್ ಡ್ರೈವ್ ಎನ್ನಲಾಗದು. ಡೀಸೆಲ್ ಕನ್ವರ್ಟಿಬಲ್ ಕಾರಿನ ಬಲಹೀನ ಜಾಗಗಳು ಮೂರು: ಚಾವಣಿ, ಮೈಕಟ್ಟು, ಹೊಗೆಯ ಫಿಲ್ಟರ್. ಹಾಗೆ ಓಡಿಸಿದರೆ ಮೂರರ ಗುಟ್ಟೂ ಹೊರಬರುವುದಿಲ್ಲ. ಇಂಥ ಕಾರಿನ ಸುತ್ತ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

“ಭಾನುವಾರ ಮಾತ್ರ ತೆಗೆಯುತ್ತಿದ್ದ ಗಾಡಿ, ಹೊಸದರ ಹಾಗಿದೆ”

ಪೆಟ್ರೋಲ್ ಕಾರಿಗಾದರೆ ಈ ಮಾತಿಗೆ ಸ್ವಲ್ಪ ಬೆಲೆ ಕೊಡಬಹುದು. ಡೀಸೆಲ್ ಕನ್ವರ್ಟಿಬಲ್ ಮಟ್ಟಿಗೆ ಇದು ಎಚ್ಚರಿಕೆಯ ಗಂಟೆ.

2000ದಲ್ಲಿ ಪ್ಯೂಜೊ 607ರಲ್ಲಿ ಬಂದ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಮುಂದಿನ ವರ್ಷಗಳಲ್ಲಿ ಎಲ್ಲ ಕಂಪನಿಗಳ ಡೀಸೆಲ್ ಕಾರುಗಳಿಗೂ ಬಂತು. ಹೊಗೆಯಲ್ಲಿರುವ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಖಾಲಿ ಮಾಡಿಕೊಳ್ಳಬೇಕು. (ಪ್ಯೂಜೊ ಕಾರುಗಳಲ್ಲಿ ಇನ್ನೂ ಕಡಿಮೆ ಶಾಖಕ್ಕೆ ಸುಡಲೆಂದು ಡೀಸೆಲ್‌ಗೆ ಒಂದು ದ್ರಾವಣ ಬೆರೆಯುತ್ತದೆ, ಆ ದ್ರಾವಣದ ಟ್ಯಾಂಕನ್ನು ಕಾಲಕಾಲಕ್ಕೆ ತುಂಬಿಸಬೇಕು. ತುಂಬಿಸಿದ ರಸೀದಿ ಕೇಳಿ.) ಎಂಜಿನ್ ಚೆನ್ನಾಗಿ ಕಾದು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಕಷ್ಟು ಹೊತ್ತು ಓಡಿದಾಗಲೇ ಈ ಕೆಲಸ ಸರಿಯಾಗಿ ನಡೆಯುವುದು. ಚಾವಣಿ ತೆರೆಯುವ ಕಾರು ಸಾಮಾನ್ಯವಾಗಿ ಮನೆಯ ಎರಡನೆಯ ಕಾರು. ಅಂಗಡಿಗೆ ಹೋಗಿ ಬರುವುದು, ಬಿಸಿಲು ಬಿದ್ದಾಗ ಸಮುದ್ರದಂಡೆಗೆ ಒಂದು ಸಣ್ಣ ಓಟ, ಉಳಿದಂತೆ ನಿಂತೇ ಇರುವುದು. ಮಸಿ ಕಟ್ಟಿಕೊಳ್ಳಲು ಇದಕ್ಕಿಂತ ಬೇರೇನೂ ಬೇಡ. ಕಡಿಮೆ ಓಡಿದ್ದೇ ಇಲ್ಲಿ ಕಾಯಿಲೆಯ ಕಾರಣವಾಗಬಹುದು. ಫಿಲ್ಟರ್ ಬದಲಿಸುವ ಖರ್ಚಿನ ಮುಂದೆ ಹಳೆಯ ಕಾರಿನ ಚೌಕಾಸಿಯಲ್ಲಿ ಉಳಿದ ಹಣ ಏನೂ ಅಲ್ಲ.

ಆದ್ದರಿಂದ ಟೆಸ್ಟ್ ಡ್ರೈವನ್ನು ಮೋಟಾರ್‌ವೇಯವರೆಗೆ ಎಳೆಯಿರಿ. ಮೂರನೆಯ ಗೇರಿನಲ್ಲಿ ಒತ್ತಿದಾಗ ಎಳೆತ ಏಕಾಏಕಿ ಕುಗ್ಗುತ್ತದೆಯೇ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆಯೇ ನೋಡಿ. ಕೀ ತಿರುಗಿಸಿದಾಗ ಎಂಜಿನ್ ದೀಪ ಕ್ಷಣಹೊತ್ತು ಹತ್ತಿ ಆರಬೇಕು. ಹತ್ತದೇ ಇದ್ದರೆ ಯಾರೋ ಅದನ್ನು ಕಿತ್ತಿರಬಹುದು. ಫಿಲ್ಟರನ್ನೇ ಕಿತ್ತು ಹಾಕಿಸಿದವರೂ ಇದ್ದಾರೆ. 2014ರ ಫೆಬ್ರುವರಿಯಿಂದ ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಫಿಲ್ಟರ್ ಇದೆಯೇ ಎಂದು ನೋಡುತ್ತಾರೆ. 2018ರ ಮೇ ತಿಂಗಳಿಂದ, ಫಿಲ್ಟರ್ ಇರುವ ಕಾರು ಕಣ್ಣಿಗೆ ಕಾಣುವಷ್ಟು ಹೊಗೆ ಬಿಟ್ಟರೂ ಫೇಲ್. ಹಿಂದಿನ ಎಂಒಟಿ ಫಲಿತಾಂಶಗಳನ್ನು ಕಾರಿನ ನಂಬರ್ ಹಾಕಿ ಸರ್ಕಾರಿ ತಾಣದಲ್ಲಿ ಪುಕ್ಕಟೆಯಾಗಿ ಓದಬಹುದು. ಮನೆಯಿಂದ ಹೊರಡುವ ಮೊದಲೇ ಓದಿ.

“ನೀವು ಬರುವಷ್ಟರಲ್ಲಿ ಗಾಡಿ ಬಿಸಿ ಮಾಡಿ ಇಟ್ಟಿರ್ತೀನಿ”

ಬೇಡ ಎಂದು ಫೋನಿನಲ್ಲೇ ಹೇಳಿಬಿಡಿ. ಬಿಸಿ ಎಂಜಿನ್ ಎಷ್ಟೋ ತಪ್ಪು ಮುಚ್ಚಿಡುತ್ತದೆ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ತಣ್ಣಗಿದ್ದ ಡೀಸೆಲ್ ಎಂಜಿನ್, ಗ್ಲೋ ಪ್ಲಗ್ ದೀಪ ಆರಿದ ಮೇಲೆ, ತಡವರಿಸದೆ ಸ್ಟಾರ್ಟ್ ಆಗಬೇಕು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗಡಗಡ ಸದ್ದು ಬಂದು, ಒತ್ತಿದಾಗ ಬದಲಾದರೆ, ಅಥವಾ ಎಂಜಿನ್ ಆಫ್ ಮಾಡಿದಾಗ ಧಡಕ್ಕೆಂದು ಕುಲುಕಿದರೆ, ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರು ತಗ್ಗಿಸುವ ಚಕ್ರ) ಸವೆದಿರಬಹುದು. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

“ಉಕ್ಕಿನ ಚಾವಣಿ ಸೋರೋದಿಲ್ಲ, ಬಟ್ಟೆಯದೇ ಸೋರೋದು”

ಡಿಕ್ಕಿಯೊಳಗೆ ಅಡಗುವ ಉಕ್ಕಿನ ಚಾವಣಿ ಪ್ಯೂಜೊಗೆ ಹಳೆಯದು. 1934ರ 401 ಎಕ್ಲಿಪ್ಸ್ ಕಾರಿಗೆ ಅದನ್ನು ರೂಪಿಸಿದವರು ಜಾರ್ಜ್ ಪೋಲಾಂ, ಕಸುಬಿನಲ್ಲಿ ದಂತವೈದ್ಯರು. ಅದೇ ಬಗೆಯ ಚಾವಣಿ 207 ಸಿಸಿಯಲ್ಲಿದೆ. ಉಕ್ಕು ಸೋರುವುದಿಲ್ಲ, ನಿಜ. ಸೋರುವುದು ತುಂಡುಗಳು ಕೂಡುವ ಕಡೆ, ಗಾಜು ಮುಟ್ಟುವ ಕಡೆ, ರಬ್ಬರ್ ಬೀಡಿಂಗ್ ಒಣಗಿ ಬಿರುಕುಬಿಟ್ಟಾಗ. ಬಟ್ಟೆಯ ಚಾವಣಿಯಲ್ಲಿ ನೀರು ಹರಿಯುವ ತೂತುಗಳಿಗೆ ಎಲೆ, ಕಸ ತುಂಬಿದರೂ ನೀರು ಒಳಗೆ ಬರುತ್ತದೆ. ಯಾವುದೇ ಆಗಲಿ, ಕಾಲಡಿಯ ಕಾರ್ಪೆಟ್ಟಿನ ಕೆಳಗೆ ಕೈ ಹಾಕಿ ಒತ್ತಿ ನೋಡಿ, ಡಿಕ್ಕಿಯ ತಳ ಎತ್ತಿ ನೋಡಿ, ಬಾಗಿಲು ತೆರೆದ ಕೂಡಲೇ ಬರುವ ಮುಗ್ಗಲು ವಾಸನೆ ಗಮನಿಸಿ. ಮಳೆ ಬಂದ ಮಾರನೆಯ ದಿನ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಚಾವಣಿಯನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿಸಿ, ಒಮ್ಮೆ ಅಲ್ಲ, ಕೆಲವು ಸಲ. ಗಾಲ್ಫ್‌ನ ಬಟ್ಟೆ ಚಾವಣಿ ತೆರೆಯಲು 9.5 ಸೆಕೆಂಡ್ ಸಾಕು, ಗಂಟೆಗೆ 30 ಕಿಲೋಮೀಟರ್ ವೇಗದವರೆಗೂ ತೆರೆಯಬಹುದು. 207 ಸಿಸಿಗೆ ಸುಮಾರು 25 ಸೆಕೆಂಡ್ ಬೇಕು. ಮಧ್ಯೆ ನಿಂತರೆ, ಒಂದು ಬದಿ ಹಿಂದೆ ಉಳಿದರೆ, ಹೈಡ್ರಾಲಿಕ್ ಎಣ್ಣೆಯ ಪಸೆ ಕಂಡರೆ ಅಲ್ಲಿಗೇ ಬಿಡಿ. 207 ಸಿಸಿಯ ಡಿಕ್ಕಿಯೊಳಗಿನ ಪರದೆ ಅದರ ಜಾಗದಲ್ಲಿ ಇಲ್ಲದಿದ್ದರೆ ಚಾವಣಿ ಕದಲುವುದಿಲ್ಲ. ಮಾರುವವರು “ಅದೇ ಕಾರಣ” ಎಂದರೆ, ಪರದೆ ಎಳೆಸಿ ಮತ್ತೆ ಒತ್ತಿಸಿ.

“ಡೀಸೆಲ್ ಸದ್ದಿಗೆ ತೆರೆದ ಕಾರಿನ ಸುಖವೆಲ್ಲ ಹಾಳು”

ಸಿಗ್ನಲ್‌ನಲ್ಲಿ, ಗೋಡೆಯ ಪಕ್ಕದಲ್ಲಿ ಕೇಳಿಸುತ್ತದೆ. ವೇಗ ಹಿಡಿದ ಮೇಲೆ ಗಾಳಿಯ ಸದ್ದೇ ಮೇಲಾಗುತ್ತದೆ. ಇದಕ್ಕಾಗಿ ಕಾರು ಬಿಡಬೇಕಿಲ್ಲ.

ಗಮನಿಸಬೇಕಾದ್ದು ನಡುಕ. ಚಾವಣಿ ಕತ್ತರಿಸಿದ ಮೈಕಟ್ಟಿನ ಬಿಗಿ ಕಡಿಮೆ. ಅದನ್ನು ತುಂಬಿಕೊಡಲು ಕೆಳಭಾಗಕ್ಕೆ ಉಕ್ಕು ಸೇರಿಸುತ್ತಾರೆ, ತೂಕ ಏರುತ್ತದೆ. ಹಾಳು ರಸ್ತೆ ಹುಡುಕಿ, ಚಾವಣಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಓಡಿಸಿ. ಒಳಕನ್ನಡಿ ಸ್ವಲ್ಪ ಅದುರುವುದು ಈ ಜಾತಿಯ ಗುಣ. ಡ್ಯಾಶ್‌ಬೋರ್ಡ್ ಕಿರುಗುಟ್ಟಿದರೆ, ಗುಂಡಿಗೆ ಬಿದ್ದಾಗ ಬಾಗಿಲ ಗಾಜು ಬೀಡಿಂಗಿನಿಂದ ಸರಿದಾಡಿದರೆ, ಹಿಂದೆ ಅಪಘಾತವಾಗಿದೆಯೇ ಎಂದು ತಳ ನೋಡಿಸಬೇಕು. ಮುಚ್ಚಿ ಓಡಿಸುವಾಗಲೇ ಹಿಂದಿನ ಮೂಲೆಯಲ್ಲಿ ಎಷ್ಟು ಕಾಣುವುದಿಲ್ಲ ಎಂಬುದೂ ತಿಳಿಯುತ್ತದೆ.

“ಡೀಸೆಲ್ ಅಂದಮೇಲೆ ಖರ್ಚು ಕಡಿಮೆ”

ವರ್ಷವಿಡೀ ದೂರ ಓಡಿಸುವವರಿಗೆ ಹೌದು. ಆದರೆ ಯೂರೊ 6 ಹೊಗೆ ಮಾನದಂಡ ಮುಟ್ಟದ ಡೀಸೆಲ್ ಕಾರು ಲಂಡನ್ನಿನ ಯುಲೆಝ್ (ಹೊಗೆ ನಿಯಂತ್ರಣ) ವಲಯದೊಳಗೆ ಓಡಿದ ಪ್ರತಿ ದಿನಕ್ಕೂ 12.50 ಪೌಂಡ್ ಕೊಡಬೇಕು. 2023ರ ಆಗಸ್ಟ್ 29ರಿಂದ ಆ ವಲಯ ಲಂಡನ್ನಿನ ಎಲ್ಲ ಬರೋಗಳಿಗೂ ಹಬ್ಬಿದೆ. ಬರ್ಮಿಂಗ್‌ಹ್ಯಾಮ್‌ನ ಇಂಥದೇ ವಲಯದಲ್ಲಿ ದಿನಕ್ಕೆ 8 ಪೌಂಡ್. ಎಲ್ಲ ಹೊಸ ಕಾರುಗಳಿಗೆ ಯೂರೊ 6 ಕಡ್ಡಾಯವಾದದ್ದು 2015ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಹಿಂದಿನ ಬಹುಪಾಲು ಡೀಸೆಲ್ ಕನ್ವರ್ಟಿಬಲ್‌ಗಳು ಈ ಸುಂಕಕ್ಕೆ ಸಿಕ್ಕಿಬೀಳುತ್ತವೆ, ಟೆಸ್ಟ್ ಡ್ರೈವ್ ಮಾಡುವ ದಿನವೂ.

“ಓಡಿಸಿ ನೋಡಿ ಕೊಂಡೆವು, ಇನ್ನು ಕೇಳುವಂತಿಲ್ಲ”

ಮೊದಲು ಓಡಿಸುವ ಮಾತು. ಭಾರತದ ಲೈಸೆನ್ಸ್ ಇಟ್ಟುಕೊಂಡು, ನೆಲೆಸಿದ ದಿನದಿಂದ 12 ತಿಂಗಳು ಅಲ್ಲಿ ಓಡಿಸಬಹುದು. ವಿಮೆಯ ಮಾತು ಬೇರೆ. ನಿಮ್ಮ ಪಾಲಿಸಿ ಇತರರ ಕಾರಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ, ಕೀ ಮುಟ್ಟುವ ಮುಂಚೆ ಕೇಳಿ. ಇನ್ನು ಕೊಂಡ ಮೇಲಿನ ಮಾತು. ಡೀಲರ್ ಬಳಿ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನಿಮ್ಮ ಜೊತೆಗಿದೆ: ಕಾರು ಕೊಟ್ಟಾಗಲೇ ದೋಷವಿತ್ತೆಂದಾದರೆ 30 ದಿನದೊಳಗೆ ಹಿಂದಿರುಗಿಸಿ ಹಣ ಕೇಳಬಹುದು. “ಇದ್ದ ಹಾಗೆ ಮಾರಾಟ” ಎಂದು ರಸೀದಿಯಲ್ಲಿ ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ. ಆದರೆ ಕೊಳ್ಳುವ ಮೊದಲು ನೀವು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಾಗಿದ್ದ ದೋಷಕ್ಕೆ ರಕ್ಷಣೆ ಇಲ್ಲ. ನೋಡಿದಾಗ ಕಂಡದ್ದನ್ನು ಅಲ್ಲೇ ಹೇಳಿ, ರಿಪೇರಿ ಮಾಡಿಕೊಡುವ ಮಾತನ್ನು ಬರಹದಲ್ಲಿ ಪಡೆಯಿರಿ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ಹಕ್ಕುಗಳು ಸಿಗುವುದಿಲ್ಲ. ಅಲ್ಲಿ ಹಣ ಕೊಡುವ ಮುಂಚೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.