ಪೀಣ್ಯದಲ್ಲಿ ಹುಟ್ಟಿದ ಉಪಗ್ರಹ

ಗ್ರಹವನ್ನು ಸುತ್ತುವ ಕಾಯಕ್ಕೆ ಉಪಗ್ರಹವೆಂದು ಹೆಸರು. ಚಂದ್ರನು ಭೂಮಿಯ ಸ್ವಾಭಾವಿಕ ಉಪಗ್ರಹನು. ಮನುಷ್ಯರು ನಿರ್ಮಿಸಿ ಮೇಲಕ್ಕೆ ಕಳುಹಿಸಿದವುಗಳು ಕೃತಕ ಉಪಗ್ರಹಗಳೆನಿಸುವುವು. ನಮ್ಮ ದೇಶದ ಮೊತ್ತಮೊದಲಿನ ಕೃತಕ ಉಪಗ್ರಹವಾದ ‘ಆರ್ಯಭಟ’ವು ಹುಟ್ಟಿದುದು ಬೆಂಗಳೂರಿನ ಪೀಣ್ಯದಲ್ಲಿ ಎಂಬುದು ನಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಭಾರವಾದ ಉಪಗ್ರಹವು ಮೇಲಕ್ಕೇರುವುದು ಹೇಗೆ? ದೀಪಾವಳಿಯ ಬಿರುಸನ್ನು ನೋಡಿರಿ. ಮದ್ದು ಉರಿದು ಅನಿಲವು ಕೆಳಮುಖವಾಗಿ ರಭಸದಿಂದ ಹೊರಡುತ್ತಲೇ ಬಿರುಸು ಮೇಲಕ್ಕೆ ಚಿಮ್ಮುತ್ತದೆ. ರಾಕೆಟ್ಟಿನ ತತ್ತ್ವವೂ ಇದೇ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಡನೆಯೇ ಒಯ್ಯುವುದರಿಂದ ಗಾಳಿಯಿಲ್ಲದೆಡೆಯಲ್ಲಿಯೂ ನಡೆಯಬಲ್ಲದು.

ಮೇಲೇರಿದ ಉಪಗ್ರಹವು ಬೀಳದಿರುವುದೇಕೆ? ಎಸೆದ ಕಲ್ಲು ಬಾಗಿ ನೆಲಕ್ಕೆ ಬೀಳುವುದು. ಬಲವಾಗಿ ಎಸೆದಷ್ಟೂ ದೂರ ಹೋಗಿ ಬೀಳುವುದು. ಗಾಳಿಯ ತಡೆಯು ಅತ್ಯಲ್ಪವಾದ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7½ ಕಿಲೋಮೀಟರು ವೇಗವು ದೊರೆತರೆ, ಉಪಗ್ರಹದ ದಾರಿ ಬಾಗಿದಷ್ಟೇ ಭೂಮಿಯ ಮೈಯೂ ಬಾಗಿರುವುದರಿಂದ, ಅದು ನೆಲವನ್ನು ಮುಟ್ಟದೆ ಸುತ್ತುತ್ತಲೇ ಇರುವುದು.

ಆರ್ಯಭಟವನ್ನು ನಿರ್ಮಿಸಿದವರ ಮುಖಂಡರು ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಡಾ. ಯು. ಆರ್. ರಾಯರು. ಅವರೊಡನಿದ್ದವರಲ್ಲಿ ಹೆಚ್ಚಿನವರು ಉಪಗ್ರಹವನ್ನೇ ಕಂಡರಿಯದ ತರುಣರು. ಭವ್ಯವಾದ ಪ್ರಯೋಗಶಾಲೆಯೇನೂ ಇರಲಿಲ್ಲ. ಕೈಗಾರಿಕಾ ಬಡಾವಣೆಯ ನಾಲ್ಕು ಶೆಡ್ಡುಗಳೇ ಅವರ ಕಾರ್ಯಸ್ಥಾನ. ಸ್ಥಳ ಸಾಲದೆ ಒಂದು ಶೌಚಾಲಯವನ್ನೇ ಸಂಕೇತಗಳನ್ನು ಸ್ವೀಕರಿಸುವ ಕೊಠಡಿಯನ್ನಾಗಿ ಮಾರ್ಪಡಿಸಿದರು. ಸುಮಾರು ಮೂರು ವರುಷಗಳಲ್ಲಿ 26 ಮುಖಗಳುಳ್ಳ, ಸುಮಾರು 360 ಕಿಲೋಗ್ರಾಂ ತೂಕದ ಉಪಗ್ರಹವು ಸಿದ್ಧವಾಯಿತು. ಬಿಸಿಲನ್ನು ವಿದ್ಯುಚ್ಛಕ್ತಿಯನ್ನಾಗಿ ಮಾಡುವ ಸೂರ್ಯಕೋಶಗಳು ಅದರ ಮೈಮೇಲೆ ಹೊದಿಸಲ್ಪಟ್ಟಿದ್ದವು. 1975ನೆಯ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪುಸ್ತಿನ್ ಯಾರ್ ಎಂಬಲ್ಲಿಂದ ಅಲ್ಲಿಯ ರಾಕೆಟ್ಟು ಅದನ್ನು ಮೇಲಕ್ಕೊಯ್ದಿತು. ಸುಮಾರು 96 ನಿಮಿಷಗಳಿಗೊಮ್ಮೆ ಅದು ಭೂಪ್ರದಕ್ಷಿಣೆ ಮಾಡತೊಡಗಿತು.

ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ತಿನ ಪೂರೈಕೆಯು ಕೆಟ್ಟು, ಕ್ಷ-ಕಿರಣಾದಿಗಳನ್ನು ಕುರಿತ ಪ್ರಯೋಗಗಳು ನಿಂತುಹೋದುವು. ಹಾಗಾದರೆ ಶ್ರಮವೆಲ್ಲ ವ್ಯರ್ಥವೆ? ಅಲ್ಲ. ಉಪಗ್ರಹವು ಆಮೇಲೆಯೂ ವರುಷಗಟ್ಟಲೆ ಸಂಕೇತಗಳನ್ನು ಕಳುಹಿಸುತ್ತಿತ್ತು. ಅದನ್ನು ಕಟ್ಟಿ ನಡೆಸಿದವರು ಪಡೆದ ಅನುಭವದಿಂದ 1979ರಲ್ಲಿ ಭೂವೀಕ್ಷಣೆಯ ‘ಭಾಸ್ಕರ’ವು ಹೊರಟಿತು. ಮೇಲಣ ತೆಳುಗಾಳಿಯ ತಡೆಯಿಂದ ಕ್ರಮೇಣ ಕೆಳಗಿಳಿದ ಆರ್ಯಭಟವು 1992ರಲ್ಲಿ ವಾತಾವರಣವನ್ನು ಹೊಕ್ಕು ನಾಶವಾಯಿತು.

2023ನೆಯ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ, ಅದರ ಮೇಲೆ ಕಣ್ಣಿಟ್ಟಿದ್ದ ನಿಯಂತ್ರಣ ಕೇಂದ್ರವಿದ್ದುದೂ ಪೀಣ್ಯದಲ್ಲಿಯೇ. ಆ ಕಾರ್ಯದ ಸಹ ಯೋಜನಾ ನಿರ್ದೇಶಕಿಯಾಗಿದ್ದವರು ಶ್ರೀಮತಿ ಕೆ. ಕಲ್ಪನಾ ಎಂಬ ಮಹಿಳೆ. ಪ್ರಿಯ ವಿದ್ಯಾರ್ಥಿನಿಯರೇ, ಗಣಿತದ ಲೆಕ್ಕವು ಮೊದಲ ಸಾರಿ ತಪ್ಪಿದಾಗ ಪುಸ್ತಕವನ್ನು ಮುಚ್ಚಿಡದೆ, ಪೀಣ್ಯದ ಆ ಶೆಡ್ಡುಗಳನ್ನು ನೆನೆದು ಇನ್ನೊಮ್ಮೆ ಮಾಡಿ ನೋಡಿರಿ.