ಟಿಕೋಟಾಕ್ಕೆ ಗಂಟುಮೂಟೆ: ಹೋಗೋದೋ, ಬ್ಯಾಡೋ?

ವಿಜಯಪುರ: ಸೊಲ್ಲಾಪುರ ರಸ್ತೆಯ ಎಡಬಲದ ಓಣಿಗಳಲ್ಲಿ ಬಾಡಿಗೆಗೆ ಇರುವ ಸಂಸಾರಗಳಲ್ಲಿ ಈಗ ಒಂದೇ ವಿಚಾರ. ಚಹಾದಂಗಡಿಯಲ್ಲಿ ಅದೇ ಮಾತು, ಕ್ಷೌರದಂಗಡಿಯಲ್ಲಿ ಅದೇ ಮಾತು. "ಇಲ್ಲಿ ಬಾಡಿಗಿ ಕಟ್ಟಿ ಸಾಕಾತು. ಟಿಕೋಟಾಕ್ಕ ಹೋಗಿಬಿಡೂಣು ಅಂತ ಮಾಡೀನಿ" ಎಂದು ಒಬ್ಬರು ಅಂದರೆ, "ಬ್ಯಾಡೋ ಮಾರಾಯಾ, ಹೋದವರೆಲ್ಲಾ ತಿರುಗಿ ಬರಾಕತ್ತಾರ" ಎಂದು ಇನ್ನೊಬ್ಬರು. ಇಬ್ಬರ ಕೈಯಲ್ಲೂ ಲೆಕ್ಕವಿಲ್ಲ, ಬಾಯಲ್ಲಿ ಮಾತ್ರ ಇದೆ.

ಮಾತಿಗೆ ಕಾರಣವಿಲ್ಲದೆ ಇಲ್ಲ. 2017ರ ರಾಜ್ಯ ಬಜೆಟ್ಟಿನಲ್ಲಿ 49 ಹೊಸ ತಾಲೂಕುಗಳ ಘೋಷಣೆಯಾಯಿತು. ನಮ್ಮ ಜಿಲ್ಲೆಯ ಪಾಲಿಗೆ ಬಂದವುಗಳಲ್ಲಿ ಟಿಕೋಟಾ, ಬಬಲೇಶ್ವರ ಎರಡೂ ಸೇರಿದವು. ಅಲ್ಲಿಯತನಕ ಈ ಎರಡೂ ಊರು ವಿಜಯಪುರ ತಾಲೂಕಿನ ಒಳಗೇ ಇದ್ದವು. ಒಂದು ದಾಖಲೆಗೂ ರೈತ ಬಸ್ ಹತ್ತಿ ಜಿಲ್ಲಾ ಊರಿಗೆ ಬರಬೇಕಿತ್ತು. ಈಗ ತಹಶೀಲ್ದಾರ ಕಚೇರಿ ಅಲ್ಲೇ. ಕಚೇರಿ ಬಂದ ಮೇಲೆ ಝೆರಾಕ್ಸ್ ಅಂಗಡಿ ಬಂತು, ಖಾನಾವಳಿ ಬಂತು, ಸೈಟಿನ ದಲ್ಲಾಳಿಯೂ ಬಂದ. ಊರು ಬೆಳೀತದ ಎಂಬ ಆಸೆ ಹುಟ್ಟಿತು.

2021ರ ಫೆಬ್ರವರಿಯಲ್ಲಿ ಇದೇ ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಕಾಮಗಾರಿಯಲ್ಲಿ 25.54 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ 18 ತಾಸಿನಲ್ಲಿ ಡಾಂಬರು ಹಾಸಿದ್ದು ದೇಶದಲ್ಲೆಲ್ಲಾ ಸುದ್ದಿಯಾಗಿತ್ತು. ರಸ್ತೆ ಹಾಸುವುದು ಹಾಗೆ ಮುಗಿದೀತು. ಐದು ಜನರ ಒಂದು ಸಂಸಾರವನ್ನು ಇಪ್ಪತ್ತು ಕಿಲೋಮೀಟರ್ ಸರಿಸುವುದು 18 ತಾಸಿನ ಕೆಲಸವಲ್ಲ.

ಒಂದು ಮನಿ, ಐದು ಗಡಿಯಾರ

ಇದೇ ರಸ್ತೆಯ ಒಂದು ಮನೆಯ ಕಥೆ ಕೇಳಿರಿ. "ಹೆಸರು ಹಾಕಬ್ಯಾಡ್ರಿ" ಅಂದಿದ್ದಾರೆ, ಹಾಕುವುದಿಲ್ಲ. ಯಜಮಾನ ಪೈಪು, ಪಂಪು ಮಾರುವ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷದಿಂದ ಗುಮಾಸ್ತ. ಯಾವ ತೋಟಕ್ಕೆ ಎಷ್ಟು ಇಂಚಿನ ಪೈಪು ಬೇಕು, ಡ್ರಿಪ್ಪಿನ ಯಾವ ಸಾಮಾನು ಎಲ್ಲಿ ಸಿಗುತ್ತದೆ, ಬಾಯಿಪಾಠ. ಟಿಕೋಟಾ ಕಡೆಯ ದ್ರಾಕ್ಷಿ ರೈತರು ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಅಲ್ಲೇ ಒಂದು ಸಣ್ಣ ಅಂಗಡಿ ತೆರೆಯಬೇಕು, ಸಂಸಾರವನ್ನೂ ಅಲ್ಲಿಗೇ ಒಯ್ಯಬೇಕು ಎಂಬುದು ಅವರ ವಿಚಾರ.

ಮನೆಯಾಕೆ ಬ್ಲೌಸು ಹೊಲಿಯುತ್ತಾರೆ, ಸೀರೆಗೆ ಫಾಲು ಹಚ್ಚುತ್ತಾರೆ. ಹತ್ತು ವರ್ಷದಲ್ಲಿ ಓಣಿ ಓಣಿ ಸುತ್ತಿ ಕೂಡಿಸಿದ ಗಿರಾಕಿಗಳು. ಮಗಳು ಪಿಯುಸಿ ಮೊದಲ ವರ್ಷ, ಸೈನ್ಸು. ಮಗ ಐದನೆತ್ತೆ. ಅತ್ತೆಗೆ ಮೊಣಕಾಲು ನೋವು, ಬಿ.ಪಿ.; ತಿಂಗಳಿಗೊಮ್ಮೆ ಡಾಕ್ಟರ ಕಡೆ ಹೋಗಲೇಬೇಕು.

ಯಜಮಾನರ ಲೆಕ್ಕ ಸರಳ. "ಬಾಡಿಗಿ ಉಳೀತದ, ಅಂಗಡಿ ನಂದೇ ಆಗ್ತದ. ಇನ್ನೇನ್ ಬೇಕ್ರಿ?"

ಮನೆಯಾಕೆ ಚಹಾ ತಂದಿಟ್ಟು ಹೇಳಿದ ಮಾತು ಬೇರೆ. "ಅಣ್ಣಾರ, ಅವರು ಮುಂಜಾನೆ ಅಂಗಡಿಗಿ ಹೋದ್ರಂದ್ರ ರಾತ್ರಿನ ಬರೂದು. ಅವರಿಗಿ ಯಾ ಊರಾದ್ರೂ ಅಷ್ಟ, ಅಂಗಡಿನ ಊರು. ಹಗಲೆಲ್ಲಾ ಆ ಊರಾಗ ಇರೂದು ನಾವು. ನಮ್ಮನ್ನ ಯಾರೂ ಕೇಳಿಲ್ಲ."

ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಊರು ಬದಲಿಸುವ ತೀರ್ಮಾನ ಮಾಡುವವನು ಒಬ್ಬ, ಆ ಊರಿನಲ್ಲಿ ಹಗಲು ಕಳೆಯುವವರು ನಾಲ್ವರು. ಗಂಡನ ಗಡಿಯಾರ ಅಂಗಡಿಯದು, ಮಗಳದು ಕಾಲೇಜಿನದು, ಮಗನದು ಸಾಲೆಯದು, ಹೆಂಡತಿಯದು ನಲ್ಲಿ ನೀರಿನದು, ಮುದುಕಿಯದು ಗುಳಿಗೆಯದು. ಒಂದು ಗಡಿಯಾರ ನೋಡಿ ಐದು ಜನರ ಗಾಡಿ ಹೂಡಿದರೆ ಹೇಗೆ?

ಟಿಕೆಟ್ ಸೊನ್ನೆ, ತಾಸು ಸೊನ್ನೆ ಅಲ್ಲ

ಟಿಕೋಟಾ ದೂರವೇನಲ್ಲ. ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆದರೆ ಸೊಲ್ಲಾಪುರ ರಸ್ತೆ ಇರುವುದು ಊರಿನ ಉತ್ತರಕ್ಕೆ, ಟಿಕೋಟಾ ಪಶ್ಚಿಮಕ್ಕೆ. ಅಲ್ಲಿಂದ ಬಂದವರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮತ್ತೊಂದು ಬಸ್ಸು ಇಲ್ಲವೆ ಆಟೋ ಹಿಡಿದು ಈ ಕಡೆ ಬರಬೇಕು. ಇಪ್ಪತ್ತು ಕಿಲೋಮೀಟರ್ ಎನ್ನುವುದು ನಕಾಶೆಯ ಲೆಕ್ಕ. ನಡುವೆ ನಿಂತು ಕಾಯುವುದಕ್ಕೆ ನಕಾಶೆಯಲ್ಲಿ ಜಾಗ ಇಲ್ಲ.

"ಮಗಳಿಗೆ ಬಸ್ ಫ್ರೀ ಐತಲ್ಲ" ಎನ್ನುತ್ತಾರೆ ತಂದೆ. ನಿಜ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದೊಳಗೆ ಸರಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಗುರುತಿನ ಚೀಟಿ ತೋರಿಸಿದರೆ ಸೊನ್ನೆ ಟಿಕೆಟ್. ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗಿಯರಿಗೆ ಇದು ದೊಡ್ಡ ಅನುಕೂಲ, ಎರಡು ಮಾತಿಲ್ಲ. ಆದರೆ ಟಿಕೆಟ್ ಸೊನ್ನೆಯಾದರೆ ತಾಸು ಸೊನ್ನೆಯಾಗುವುದಿಲ್ಲ. ಕಾಯುವುದು ಸೇರಿ ಹೋಗಿಬರಲು ದಿನಕ್ಕೆ ಎರಡೂವರೆ ತಾಸು ಹಿಡಿಯಿರಿ. ತಿಂಗಳಿಗೆ 25 ದಿನ ಅಂದರೆ 62 ತಾಸು. ಸೈನ್ಸು ಓದುವ ಹುಡುಗಿ ಆ 62 ತಾಸನ್ನು ಎಲ್ಲಿಂದ ತರಬೇಕು? ನಿದ್ದೆಯಿಂದ, ಇಲ್ಲವೆ ಓದಿನಿಂದ.

ಸಂಜೆ ಕೋಚಿಂಗ್ ಇದ್ದರಂತೂ ಕೊನೆಯ ಅನುಕೂಲದ ಬಸ್ಸು ಎಷ್ಟಕ್ಕೆ ಎಂಬುದೇ ಆಕೆಯ ವೇಳಾಪಟ್ಟಿ. ಅದೇ ಊರಿನ ಕಾಲೇಜಿಗೆ ಹಾಕೋಣವೆಂದರೆ, ಬೇಕಾದ ವಿಷಯ ಐತೋ ಇಲ್ಲೋ, ಕಲಿಸುವವರು ಪೂರ್ತಿ ಇದ್ದಾರೋ ಇಲ್ಲೋ, ಖುದ್ದಾಗಿ ಹೋಗಿ ನೋಡಬೇಕು. ಬೋರ್ಡು ನೋಡಿ ಬಂದರೆ ಸಾಲದು.

ಇನ್ನು ಅತ್ತೆಯವರ ಸಂಗತಿ. ಆಸ್ಪತ್ರೆಯ ಮಟ್ಟಿಗೆ ಟಿಕೋಟಾದವರಿಗೆ ಒಂದು ಲಾಭವಿದೆ. ಆ ಕಡೆಯಿಂದ ಬಂದರೆ ಮೊದಲು ತೊರವಿ, ಅಲ್ಲಿ ಮಹಿಳಾ ವಿಶ್ವವಿದ್ಯಾಲಯ. ಮುಂದೆ ಅಥಣಿ ರಸ್ತೆಯಲ್ಲೇ ಜಿಲ್ಲಾ ಆಸ್ಪತ್ರೆ. ಸಂತೆ ದಾಟಿ ಊರೊಳಗೆ ಬರುವ ತಾಪತ್ರಯ ಇಲ್ಲ. ಸೊಲ್ಲಾಪುರ ರಸ್ತೆಯ ದೊಡ್ಡ ದವಾಖಾನೆಗೆ ನಡೆದು ಹೋಗುತ್ತಿದ್ದ ರೂಢಿ ಮಾತ್ರ ತಪ್ಪುತ್ತದೆ. ಹಗಲಿನ ತಪಾಸಣೆಗೆ ಚಿಂತೆಯಿಲ್ಲ. ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡರೆ ಗಾಡಿ ಯಾರದು ಎಂಬುದನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಬೇಕು.

ಮಾರ್ಚಿನ ಊರು, ಆಗಸ್ಟಿನ ಊರು

ಅಂಗಡಿಕಾರರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಟಿಕೋಟಾ ಎಂದರೆ ದ್ರಾಕ್ಷಿ. ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು. ಫೆಬ್ರವರಿ, ಮಾರ್ಚಿನಲ್ಲಿ ಹಣ್ಣು ಕೈಗೆ ಬರುತ್ತದೆ. ಬಹಳ ಮಂದಿ ಶೆಡ್ಡಿನಲ್ಲಿ ಬಲೆ ಕಟ್ಟಿ ಒಣದ್ರಾಕ್ಷಿ ಮಾಡಿ, ತಾಸಗಾಂವ, ಸಾಂಗಲಿ, ಇಲ್ಲವೆ ನಮ್ಮದೇ ಎ.ಪಿ.ಎಂ.ಸಿ.ಗೆ ಒಯ್ಯುತ್ತಾರೆ. ಆ ದಿನಗಳಲ್ಲಿ ಊರು ನೋಡಬೇಕು. ಕೂಲಿಯವರ ದಂಡು, ಟೆಂಪೋ ಸಾಲು, ಖಾನಾವಳಿಯಲ್ಲಿ ಕೂಡಲು ಜಾಗವಿಲ್ಲ. ಅಂಗಡಿ ಹಾಕಬೇಕೆಂಬ ಆಸೆ ಹುಟ್ಟುವುದೂ ಆಗಲೇ.

ಅದೇ ಊರನ್ನು ಆಗಸ್ಟಿನಲ್ಲಿ ನೋಡಿ ಬಂದವರು ಕಡಿಮೆ. ಆಗ ವ್ಯಾಪಾರ ನಡೆಯುತ್ತದೆ, ಆದರೆ ಉದ್ರಿಯ ಮೇಲೆ. ಔಷಧ ಉದ್ರಿ, ಗೊಬ್ಬರ ಉದ್ರಿ, ಪೈಪು ಉದ್ರಿ. "ಮಾಲು ಹೋದ ಮ್ಯಾಲ ಕೊಡ್ತೀನಿ" ಎಂದ ರೈತ ಸುಳ್ಳು ಹೇಳುತ್ತಿಲ್ಲ. ಅವನ ಕೈಗೆ ರೊಕ್ಕ ಬರುವುದೇ ವರ್ಷಕ್ಕೊಮ್ಮೆ. ಹಣ್ಣು ಬರುವ ಹೊತ್ತಿಗೆ ಅಕಾಲ ಮಳೆ ಬಂದರೆ, ಶೆಡ್ಡಿನ ಒಣದ್ರಾಕ್ಷಿ ಕಪ್ಪಾದರೆ, ಆ ಒಮ್ಮೆಯೂ ಇಲ್ಲ. ರೈತನ ಮಳೆಯ ನಷ್ಟ ಅಂಗಡಿಯ ಖಾತೆಪುಸ್ತಕಕ್ಕೂ ಸೋರುತ್ತದೆ.

ನಗರದ ಅಂಗಡಿಯಲ್ಲಿ ದಿನದ ಗಲ್ಲಾ ದಿನಕ್ಕೆ ತುಂಬುತ್ತದೆ. ತೋಟದ ಊರಿನ ಅಂಗಡಿಯಲ್ಲಿ ಎಂಟು ತಿಂಗಳು ತಡೆದುಕೊಳ್ಳುವ ಬಂಡವಾಳ ಬೇಕು. ನಮ್ಮ ಗುಮಾಸ್ತರ ಹತ್ತಿರ ಅನುಭವ ಬೇಕಾದಷ್ಟಿದೆ, ಆ ಎಂಟು ತಿಂಗಳಿನ ಅನ್ನ ಇದೆಯೇ? ಇದನ್ನು ಕೇಳಿದಾಗ ಅವರು ಸುಮ್ಮನಾದರು.

ಬಾಡಿಗೆ ಉಳಿತಾಯದ ಲೆಕ್ಕವೂ ಹೀಗೇ. ತಿಂಗಳಿಗೆ 3,000 ರೂಪಾಯಿ ಉಳಿಯಿತೆನ್ನಿ. ಹೊಲಿಗೆಯ ಗಿರಾಕಿ ತಪ್ಪಿ 2,500 ಹೋಯಿತೆನ್ನಿ. ನಗರದಿಂದ ಮಾಲು ತರುವ ಖರ್ಚು, ಮಗನ ಹೊಸ ಸಾಲೆಯ ಖರ್ಚು ಕೂಡಿಸಿರಿ. ಉಳಿದದ್ದು ಏನು? ಹೆಂಡತಿಯ ದುಡಿಮೆಯನ್ನು "ಏನೋ ಕೈಖರ್ಚಿಗೆ" ಎಂದು ಲೆಕ್ಕಕ್ಕೆ ಹಿಡಿಯದ ಗಂಡಸರೇ ಈ ಮೊತ್ತದಲ್ಲಿ ಮೋಸ ಹೋಗುತ್ತಾರೆ.

ನೀರು ಬಂತು, ನೆಚ್ಚಿಗೆ ಬಂತೇ?

ಇಪ್ಪತ್ತು ವರ್ಷದ ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬರದ ವರ್ಷಗಳಲ್ಲಿ ಟಿಕೋಟಾ ಭಾಗದ ರೈತರು ಬಳ್ಳಿ ಉಳಿಸಲು ಟ್ಯಾಂಕರ್ ನೀರನ್ನು ಕೊಂಡು ಹನಿಸಿದ್ದನ್ನು ಜನ ಮರೆತಿಲ್ಲ. 1972ರ ಬರದ ಮಾತಂತೂ ಮುದುಕರ ಬಾಯಲ್ಲಿ ಇನ್ನೂ ಇದೆ. ಆಗ ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗುವುದೊಂದೇ ದಾರಿಯಾಗಿತ್ತು.

ಕಾಲ ತಿರುಗಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೆ ಬಂದು ಈ ಭಾಗದ ಕೆರೆಗಳನ್ನು ಸೇರಿತು. ಬಾವಿಗಳಿಗೆ ಜೀವ ಬಂತು. ಪಟ್ಟಣದಿಂದ ಹಳ್ಳಿಯ ಕಡೆ ಮುಖ ಮಾಡುವ ವಿಚಾರ ಹುಟ್ಟಿದ್ದರಲ್ಲಿ ಈ ನೀರಿನ ಪಾಲು ದೊಡ್ಡದು. ಆದರೆ ಹೊಲದ ನೀರು ಬೇರೆ, ಮನೆಯ ನೀರು ಬೇರೆ. ನೀವು ಹಿಡಿಯುವ ಮನೆಗೆ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಬೋರು ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಮಾಲಕರ ಹತ್ತಿರ ಕೇಳಬೇಡಿ. ಪಕ್ಕದ ಮನೆಯ ಅಕ್ಕನವರ ಹತ್ತಿರ ಕೇಳಿರಿ.

ಸುಲ್ತಾನನಿಗೂ ಆಗಲಿಲ್ಲ

ಟಿಕೋಟಾ ಬಸ್ಸಿನಲ್ಲಿ ಕೂತವರು ನಗರದಿಂದ ಐದಾರು ಕಿಲೋಮೀಟರಿಗೆ ತೊರವಿ ದಾಟುತ್ತಾರೆ. ಅಲ್ಲಿ ಹಾಳುಬಿದ್ದ ನವರಸಪುರ ಇದೆ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹಿಗೆ ರಾಜಧಾನಿಯನ್ನೇ ಬಿಜಾಪುರದಿಂದ ಅಲ್ಲಿಗೆ ಸಾಗಿಸುವ ಮನಸ್ಸಾಯಿತು. ಅರಮನೆ ಎದ್ದಿತು, ಸಂಗೀತ ಮಹಲು ಎದ್ದಿತು. ಕೋಟೆ ಮಾತ್ರ ಪೂರ್ತಿಯಾಗಲಿಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಲೂಟಿ ಮಾಡಿತು. ಹೊಸ ಊರು ಹಾಳಾಯಿತು, ಹಳೆಯ ಬಿಜಾಪುರ ತನ್ನ ಕೋಟೆಯೊಳಗೆ ಉಳಿಯಿತು.

ಸುಲ್ತಾನನ ಖಜಾನೆಗೂ ಆಗದ ಕೆಲಸ ಗುಮಾಸ್ತನ ಪಗಾರಕ್ಕೆ ಆದೀತೇ ಎಂದು ಹಂಗಿಸಲು ಇದನ್ನು ಬರೆದಿಲ್ಲ. ಮಹಲು ಮೊದಲು, ಕೋಟೆ ಆಮೇಲೆ ಎಂದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಬರೆದದ್ದು. ನಮ್ಮ ಸಂಸಾರಗಳಿಗೆ ಕೋಟೆ ಅಂದರೆ ಸಾಲೆ, ದವಾಖಾನೆ, ನೀರು, ಕೈಯಲ್ಲಿ ಎಂಟು ತಿಂಗಳ ಖರ್ಚು. ಸೈಟು, ಬಂಗಲೆ ಎಲ್ಲಾ ಮಹಲು.

ಬಬಲೇಶ್ವರದ ದಾರಿ ಬ್ಯಾರೆ

ಟಿಕೋಟಾಕ್ಕೆ ಹೇಳಿದ್ದೆಲ್ಲಾ ಬಬಲೇಶ್ವರಕ್ಕೆ ಹಾಗೇ ಹೊಂದುವುದಿಲ್ಲ. ಅದು ಜಮಖಂಡಿ ರಸ್ತೆಯ ಊರು, ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಟಿಕೋಟಾದ ವ್ಯವಹಾರ ಅಥಣಿ, ಸಾಂಗಲಿ ಕಡೆ ಮುಖ ಮಾಡಿದರೆ, ಇದರದು ಜಮಖಂಡಿ, ಮುಧೋಳದ ಕಡೆ. ಆ ತಾಲೂಕಿನಲ್ಲಿ ಡೋಣಿ ಸಾಲಿನ ಎರೆಹೊಲದ ಬಿಳಿಜೋಳ ಇದೆ, ಕೃಷ್ಣೆಯ ಕಡೆ ಕಬ್ಬು ಇದೆ. ಅಲ್ಲಿ ಉದ್ರಿ ತೀರುವುದು ಜೋಳದ ರಾಶಿಗೆ, ಕಬ್ಬಿನ ಬಿಲ್ಲಿಗೆ. ನಿಮ್ಮ ವ್ಯಾಪಾರ ಯಾವ ಬೆಳೆಗೆ ಹೊಂದುತ್ತದೋ ಆ ಊರು ನಿಮ್ಮದು. ಬಾಡಿಗೆ ಎಲ್ಲಿ ಅಗ್ಗ ಎಂಬುದು ಆಮೇಲಿನ ಮಾತು.

ಹಂಗಾದ್ರ ಏನ್ ಮಾಡಬೇಕು?

ದೂರದ ಗುಡ್ಡ ನುಣ್ಣಗೆ. ಹತ್ತಿರ ಹೋಗಿ ನೋಡಬೇಕು, ಅದೂ ಎರಡು ಸಲ: ದ್ರಾಕ್ಷಿ ಸುಗ್ಗಿಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಸಂಜೆ ಏಳರ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು. ಬೆಳಿಗ್ಗೆ ವಿಜಯಪುರದಿಂದ ಅಪ್-ಡೌನ್ ಮಾಡುವ ನೌಕರರನ್ನು, ಮಾಸ್ತರರನ್ನು ಕೇಳಬೇಕು. ಪಗಾರ ಆ ಊರಿನದು, ಮನೆ ಈ ಊರಿನದು ಯಾಕೆಂದು ಅವರು ಐದು ನಿಮಿಷದಲ್ಲಿ ಹೇಳುತ್ತಾರೆ.

ಮೊದಲ ವರ್ಷವೇ ಸೈಟು ಕೊಳ್ಳುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ. ಬಾಡಿಗೆಗೆ ಇದ್ದು ನೋಡಿರಿ. ಕೊಳ್ಳುವುದೇ ಆದರೆ ಎನ್.ಎ. ಆಗಿದೆಯೇ, ಇ-ಸ್ವತ್ತು ಅಥವಾ ಇ-ಖಾತೆ ಇದೆಯೇ ಎಂದು ನೋಡದೆ ಮುಂಗಡ ಕೊಡಬೇಡಿರಿ. ನಡು ವರ್ಷದಲ್ಲಿ ಮಕ್ಕಳ ಟಿ.ಸಿ. ಕೀಳಬೇಡಿರಿ.

ಹಾಗೆಂದು ಹೋಗಲೇಬಾರದು ಎಂದಲ್ಲ. ಕೈಯಲ್ಲಿ ಕಸುಬು ಇದ್ದು, ಮಕ್ಕಳು ಸಣ್ಣವರಿದ್ದು, ಎಂಟು ತಿಂಗಳು ತಡೆಯುವ ಶಕ್ತಿ ಇದ್ದವರಿಗೆ ಈ ಊರುಗಳು ಕೈಬಿಡಲಾರವು. ನಗರದಲ್ಲಿ ಹತ್ತರಲ್ಲಿ ಹನ್ನೊಂದನೆಯ ಅಂಗಡಿ ಹಾಕುವುದಕ್ಕಿಂತ ಅಲ್ಲಿ ಎರಡನೆಯ ಅಂಗಡಿ ಹಾಕುವುದು ಜಾಣತನವೇ.

ಸೊಲ್ಲಾಪುರ ರಸ್ತೆಯ ಆ ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಇದು. ಅರ್ಧ ಅಂಗಡಿ ಬಾಡಿಗೆ ಹಿಡಿದು ಯಜಮಾನರೊಬ್ಬರೇ ವರ್ಷ–ಒಂದೂವರೆ ವರ್ಷ ಅಪ್-ಡೌನ್ ಮಾಡುವುದು. ಮಗಳ ಎರಡನೇ ಪಿಯುಸಿ ಮುಗಿಯುವತನಕ ಮನೆ ಅಲುಗಿಸುವಂತಿಲ್ಲ. ಅಷ್ಟರೊಳಗೆ ಒಂದು ಸುಗ್ಗಿಯ ಉದ್ರಿ ವಸೂಲಾಗಬೇಕು.

"ವಸೂಲಿ ಆಗಲಿಲ್ಲಂದ್ರ?" ಎಂದು ಕೇಳಿದ್ದಕ್ಕೆ ಮುದುಕಿ ಒಳಗಿನಿಂದಲೇ ಕೂಗಿ ಹೇಳಿದರು: "ಆಗಲಿಲ್ಲಂದ್ರ ಅಂವಗ ರೊಟ್ಟಿ ಬುತ್ತಿ ಇನ್ನೊಂದು ವರ್ಷ ಕಟ್ಟೂಣು ತಮ್ಮಾ. ಮನಿ ಕಟ್ಟೂದು ಕಷ್ಟ, ಬುತ್ತಿ ಕಟ್ಟೂದೇನ್ ಕಷ್ಟ?"