ಚಿನ್ನಕ್ಕಾಗಿ ಬರೆದ ನಕ್ಷೆ, ನೀರಿಗಾಗಿ ಓದುವ ಕಾಲ

ಭಾರತೀಯ ಸರ್ವೇಕ್ಷಣ ಇಲಾಖೆಯು ಬಹುಕಾಲದಿಂದ ಮುದ್ರಿಸುತ್ತ ಬಂದ ಸ್ಥಳನಕ್ಷೆಗಳ ಶ್ರೇಣಿಯಲ್ಲಿ 48 ಎಂ/3 ಎಂಬ ಅಂಕಿತವುಳ್ಳ ಹಾಳೆಯೊಂದುಂಟು. ಹುಬ್ಬಳ್ಳಿಯ ಪೇಟೆ, ಉಣಕಲ್ಲಿನ ಕೆರೆ, ನವಲೂರಿನ ಪೇರಲ ತೋಟಗಳು, ಧಾರವಾಡದ ಹಳೆಯ ಊರು, ಇವೆಲ್ಲವೂ ಅದರೊಳಗೆ ಅಡಕವಾಗಿವೆ. ಆದರೆ 75 ಡಿಗ್ರಿ ರೇಖಾಂಶವು ಧಾರವಾಡದ ಪಡುವಣ ಮಗ್ಗುಲಲ್ಲಿಯೇ ಹಾಯ್ದುಹೋಗುವುದರಿಂದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡವು ಮಾತ್ರ ನೆರೆಯ 48 ಐ/15ರ ಪಾಲಿಗೆ ಬಿದ್ದಿದೆ. ಭೂವಿಜ್ಞಾನವನ್ನು ಬೋಧಿಸುವ ವಿಭಾಗವು ಒಂದು ಹಾಳೆಯಲ್ಲಿಯೂ, ಆ ಬೋಧನೆಗೆ ವಸ್ತುವಾಗತಕ್ಕ ನೆಲದ ಬಹುಭಾಗವು ಇನ್ನೊಂದು ಹಾಳೆಯಲ್ಲಿಯೂ ಇರುವುದು ರೇಖಾಂಶದ ಒಂದು ವಿನೋದವೆನ್ನಬೇಕು. ಇಂತಹ ಹಾಳೆಗಳ ಮೇಲೆ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಪ್ರಮಾಣದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಶಿಲೆಗಳ ಎಲ್ಲೆಗಳನ್ನು ಗುರುತಿಸಿ ಬಣ್ಣ ತುಂಬಿದ್ದಾರೆ. ಆ ಬಣ್ಣಗಳ ಕಥೆ ನೀರಿನಿಂದ ಮೊದಲಾಗಲಿಲ್ಲ, ಚಿನ್ನದಿಂದ ಮೊದಲಾಯಿತು.

1851ರಲ್ಲಿ ಮುಖ್ಯವಾಗಿ ಕಲ್ಲಿದ್ದಲಿನ ಶೋಧನೆಗೆಂದು ಹುಟ್ಟಿಕೊಂಡ ಈ ಸಂಸ್ಥೆಗೆ 1858ರಲ್ಲಿ ಸೇರಿದ ರಾಬರ್ಟ್ ಬ್ರೂಸ್ ಫೂಟ್ ಎಂಬಾತನು, ದಕ್ಷಿಣ ಮಹಾರಾಷ್ಟ್ರವೆಂದು ಆಗಿನ ಸರಕಾರದವರು ಕರೆಯುತ್ತಿದ್ದ ನಮ್ಮ ಈ ಕನ್ನಡ ಪ್ರಾಂತವನ್ನು ಊರೂರು ಸುತ್ತಿ, ಬೆಳಗಾವಿಯಿಂದ ತುಂಗಭದ್ರೆಯವರೆಗಿನ ನೆಲದ ಶಿಲಾವಿವರಣೆಯನ್ನು 1876ರಲ್ಲಿ ಒಂದು ಸಂಪುಟವಾಗಿ ಪ್ರಕಟಿಸಿದನು. ಬಾಗಲಕೋಟೆ, ಬಾದಾಮಿಗಳ ಮರಳುಗಲ್ಲು ಸುಣ್ಣಗಲ್ಲುಗಳಿಗೆ ಕಲಾದಗಿ ಶ್ರೇಣಿಯೆಂಬ ಹೆಸರನ್ನಿಟ್ಟವನೂ ಇವನೇ. ಮಲಪ್ರಭೆಯ ಕಣಿವೆಯ ಜಲ್ಲಿಪದರಗಳಲ್ಲಿ ಆದಿಮಾನವನ ಶಿಲಾಯುಧಗಳನ್ನು ಹೆಕ್ಕಿದವನೂ ಇವನೇ. ಅದಕ್ಕೆ ಮೊದಲು, 1874ರಲ್ಲಿ, ಅಂದು ಧಾರವಾಡ ಜಿಲ್ಲೆಗೇ ಸೇರಿದ್ದ ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಮೇಲೆ ಅವನು ಒಂದು ವರದಿಯನ್ನು ಬರೆದಿದ್ದನು. ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಮಳೆಗಾಲ ಮುಗಿಯುತ್ತಲೇ ಉಸುಕನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದ ಜಾಲಗಾರರೆಂಬ ಜನಕ್ಕೆ ಆ ಗುಡ್ಡದ ಗುಟ್ಟು ತಲೆಮಾರುಗಳಿಂದ ತಿಳಿದಿತ್ತು. ಭೂವಿಜ್ಞಾನಿಯು ಮಾಡಿದ ಕಾರ್ಯವೆಂದರೆ ಅವರ ಅರಿವಿನ ಹಿಂದಿದ್ದ ಕಾರಣವನ್ನು ಕಲ್ಲಿನಲ್ಲಿ ಹುಡುಕಿ, ಅದನ್ನು ಕಾಗದಕ್ಕೆ ಇಳಿಸಿದ್ದು.

ಆ ಹುಡುಕಾಟದ ಫಲವಾಗಿ, 1880ರ ದಶಕದ ಉತ್ತರಾರ್ಧದಲ್ಲಿ, ಫೂಟ್ ಮಹಾಶಯನು ದಕ್ಷಿಣ ಭಾರತದ ಚಿನ್ನದ ಶಿಲೆಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಅವನ್ನು ಸುತ್ತಣ ಗ್ರಾನೈಟಿನಂಥ ನೈಸ್ ಶಿಲೆಗಳಿಂದ ಬೇರೆಯೆಂದು ಪ್ರತಿಪಾದಿಸಿ, ಆ ಗುಂಪಿಗೆ ಧಾರವಾಡದ ಹೆಸರನ್ನು ಕೊಟ್ಟನು. ಕೋಲಾರ, ಹಟ್ಟಿ, ಗದಗಗಳಲ್ಲಿ ಹಸಿರು ಹಸಿರಾಗಿ ಕಾಣುವ ಪದರಶಿಲೆಗಳು, ಗುಡ್ಡಗಳ ನೆತ್ತಿಯಲ್ಲಿ ಕಬ್ಬಿಣದ ಪಟ್ಟೆಗಳನ್ನು ಹೊತ್ತು ನಿಂತ ಗಡಸುಕಲ್ಲುಗಳು, ನಮ್ಮ ಕಾಲಡಿಯ ಬೂದುಬಣ್ಣದ ಗ್ರೇವ್ಯಾಕ್ ಎಂಬ ಒರಟು ಮರಳುಗಲ್ಲು, ಇವೆಲ್ಲವೂ ಆ ಹೆಸರಿನ ನೆರಳಿಗೆ ಬಂದವು. 250 ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲೆಗಳ ಹೆಸರನ್ನು ಇಂದು ಆಸ್ಟ್ರೇಲಿಯಾ, ಕೆನಡಾಗಳ ಭೂವಿಜ್ಞಾನದ ವಿದ್ಯಾರ್ಥಿಗಳೂ ಪರೀಕ್ಷೆಗೆಂದು ಓದುತ್ತಾರೆ. ಪೇಢೆಯ ಹೆಸರಿನಷ್ಟು ಅದು ಊರವರಿಗೇ ಪರಿಚಿತವಲ್ಲವೆಂಬುದು ಬೇರೆಯ ಮಾತು.

ಇಲ್ಲಿ ಇತಿಹಾಸದ ಒಂದು ಸೋಜಿಗವುಂಟು. ಮೈಸೂರು ಸಂಸ್ಥಾನವು 1894ರಲ್ಲಿ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ, ನಿವೃತ್ತನಾಗಿದ್ದ ಫೂಟ್‌ನನ್ನೇ ಅದರ ಮುಖ್ಯಸ್ಥನನ್ನಾಗಿ ಬರಮಾಡಿಕೊಂಡಿತು. ಧಾರವಾಡವಾದರೋ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಧಾರವಾಡದ ಹೆಸರನ್ನು ಹೊತ್ತ ಶಿಲೆಗಳ ಕುರಿತು ಅರ್ಧ ಶತಮಾನಕ್ಕೂ ಮಿಗಿಲಾಗಿ ಅತಿ ಬಿರುಸಿನ ವಾದವಿವಾದಗಳು ನಡೆದದ್ದು ಧಾರವಾಡವನ್ನು ತನ್ನ ಎಲ್ಲೆಯೊಳಗೆ ಹೊಂದಿರದ ಒಂದು ಇಲಾಖೆಯಲ್ಲಿ! ಫೂಟ್‌ನ ತರುವಾಯ ಬಂದ ಡಬ್ಲ್ಯೂ. ಎಫ್. ಸ್ಮೀತ್ ಈ ಶಿಲೆಗಳೆಲ್ಲವೂ ಭೂಗರ್ಭದ ಕಾವಿನಿಂದ ಕರಗಿ ಮೇಲೆ ಬಂದ ಅಗ್ನಿಶಿಲೆಗಳೇ ಹೊರತು ನೀರಿನಲ್ಲಿ ಶೇಖರಗೊಂಡ ಮಡ್ಡಿಯಲ್ಲವೆಂದು ಹಟ ಹಿಡಿದು, ಉರುಟುಗಲ್ಲುಗಳಿಂದ ಕೂಡಿದ ಪದರಗಳು ಕೂಡ ನದಿಯ ಕೆಲಸವಲ್ಲ, ಬಂಡೆಗಳು ಒಂದಕ್ಕೊಂದು ತಿಕ್ಕಿ ಆದ ಚೂರುಗಳೆಂದು ಸಾಧಿಸಿದರು. ಬಿ. ರಾಮರಾವ್ ಮೊದಲಾದ ಉತ್ತರಾಧಿಕಾರಿಗಳು ಕಾಲಕ್ರಮದಲ್ಲಿ ಆ ಮತವನ್ನು ಸಡಿಲಿಸಿದರು. ಕಲ್ಲಿನ ಮೈಮೇಲೆ ಅಲೆಗಳ ಗುರುತುಗಳು ಕಂಡುಬಂದ ಮೇಲೆ ಹಟಕ್ಕೆ ಎಡೆಯೆಲ್ಲಿ? ನಾವು ನಿಂತ ನೆಲವು ಒಂದಾನೊಂದು ಕಾಲದಲ್ಲಿ ಸಾಗರದ ತಳವಾಗಿತ್ತೆಂಬ ಮಾತು, ಹೀಗೆ, ವಾದದ ಕುಲುಮೆಯಲ್ಲಿ ಕಾದು ಗಟ್ಟಿಯಾಯಿತು. 1956ರ ಏಕೀಕರಣದಿಂದ ಹೆಸರೂ ಊರೂ ಇಲಾಖೆಯೂ ಕಟ್ಟಕಡೆಗೆ ಒಂದೇ ರಾಜ್ಯದಲ್ಲಿ ಕೂಡಿದವು.

ಕಡಲ ತಳದಲ್ಲಿ ಹುಟ್ಟಿದ ಈ ಶಿಲೆಯೇ ಇಂದು ಬಾವಿ ತೋಡುವವನಿಗೆ ನೀರನ್ನು ಕೊಡಲು ಹಿಂದೆಮುಂದೆ ನೋಡುತ್ತದೆ. ಗಂಗಾ ಬಯಲಿನ ಮೆಕ್ಕಲುಮಣ್ಣಿನಲ್ಲಿರುವಂತೆ ಇಲ್ಲಿ ಎಲ್ಲಿ ಕೊರೆದರೂ ನೀರು ಎಂಬ ಭರವಸೆಯಿಲ್ಲ. ಗ್ರೇವ್ಯಾಕ್ ಮತ್ತು ಫಿಲೈಟ್ ಶಿಲೆಗಳ ಒಡಲು ತೀರ ಗಟ್ಟಿ. ನೀರು ನಿಲ್ಲುವುದು ಎರಡೇ ಕಡೆಗಳಲ್ಲಿ: ಮೇಲೆ ಬಿಸಿಲು ಮಳೆಗಳಿಗೆ ಸಿಕ್ಕಿ ಜೀರ್ಣವಾದ ಪದರದಲ್ಲಿ, ಕೆಳಗೆ ಬಂಡೆಯು ಬಿರಿದ ಬಿರುಕುಗಳಲ್ಲಿ. ಅದರಲ್ಲಿಯೂ ಈ ಶಿಲೆಗಳು ಜೀರ್ಣವಾದರೆ ಆಗುವುದು ಮರಳಲ್ಲ, ಬಹುಮಟ್ಟಿಗೆ ಜೇಡಿ. ಜೇಡಿಯಾದರೋ ನೀರನ್ನು ಹಿಡಿಯುತ್ತದೆ, ಬಿಡುವುದಿಲ್ಲ. ಬೆಣಚುಕಲ್ಲಿನ ಬಿಳಿಯ ಎಳೆಯೊಂದು ಹಾಯ್ದ ಕಡೆ ಬಿರುಕು ಹೆಚ್ಚಾದುದರಿಂದ ನೀರು ದೊರೆಯುವ ಸಂಭವವುಂಟು; ಕರಿಯ ಡೋಲರೈಟ್ ಗೋಡೆಯೊಂದು ನೆಲದೊಳಗೆ ಅಡ್ಡಬಂದರೆ ಅದರ ಮೇಲ್ಮಗ್ಗುಲಲ್ಲಿ ನೀರು ತಂಗಿ, ಕೆಳಮಗ್ಗುಲಿನ ಹೊಲದವನ ಬಾವಿ ಬತ್ತುವುದೂ ಉಂಟು. ಬದುವಿನ ಈಚೆಗೆ ಎರಡು ಇಂಚು ನೀರು, ಆಚೆಗೆ ಬರೀ ಧೂಳು ಎಂಬ ಹಳ್ಳಿಯ ವ್ಯಾಜ್ಯಗಳಲ್ಲಿ ಅನೇಕವು ದೈವದ ಕೋಪದಿಂದಾದುವಲ್ಲ, ಇಂತಹ ಗೋಡೆಗಳಿಂದಾದುವು. ಎಂತಹ ಎಳೆ ಎಲ್ಲಿ ಹಾಯ್ದಿದೆ, ಎಂತಹ ಗೋಡೆ ಎಲ್ಲಿ ನಿಂತಿದೆ ಎಂಬುದನ್ನು ತೋರಿಸತಕ್ಕದ್ದು ಅದೇ ಚಿನ್ನದ ನಕ್ಷೆ. ಚಿನ್ನವೂ ಬೆಣಚಿನ ಎಳೆಯನ್ನು ಹಿಡಿದೇ ಬರುವುದಷ್ಟೆ.

ಮೇಲ್ಮೈಯ ಮಣ್ಣಿನದು ಇನ್ನೊಂದು ಕಥೆ. ಧಾರವಾಡದ ಪಡುವಣದಲ್ಲಿ ಕೆಂಪು ಮಸಾರಿ, ಜಂಬಿಟ್ಟಿಗೆ, ಗರಸು. ಮೂಡಣಕ್ಕೆ ಸಾಗಿದಂತೆ ಎರೆ. ಧಾರವಾಡದ ದಕ್ಷಿಣಕ್ಕೆ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯೊಡನೆ ಕೂಡಿ, ಗಂಗಾವಳಿಯೆನಿಸಿ ಅರಬ್ಬಿ ಸಮುದ್ರವನ್ನು ಸೇರಿದರೆ, ಊರಿನ ಮೂಡಣದಲ್ಲಿ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮಾರ್ಗವಾಗಿ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ. ಎರೆಮಣ್ಣು ಒಣಗಿದಾಗ ಗೇಣುದ್ದ ಬಿರಿಯುತ್ತದೆ, ನೆನೆದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ; ಹೀಗಾಗಿ ಮಳೆಯ ನೀರಿನ ಬಹುಭಾಗ ಕೆಳಗಿಳಿಯದೆ ಹಳ್ಳಕ್ಕೆ ಹರಿಯುತ್ತದೆ, ಇಳಿದ ಅಲ್ಪಸ್ವಲ್ಪವೂ ಆವಿಯಾಗಿ ಉಪ್ಪನ್ನು ಹಿಂದುಳಿಸುತ್ತದೆ. ನವಲಗುಂದದ ಸೀಮೆಯಲ್ಲಿ ಬಾವಿಯ ನೀರು ಸವಳಾಗಿರುವುದಕ್ಕೂ, ಊರವರು ತಲೆಮಾರುಗಳಿಂದ ನೀಲಮ್ಮನ ಕೆರೆಯಂತಹ ಮಳೆನೀರಿನ ಕೆರೆಗಳನ್ನೇ ಕುಡಿಯುವುದಕ್ಕೆ ನೆಚ್ಚಿಕೊಂಡದ್ದಕ್ಕೂ ಕಾರಣವು ಇದು. ಮಳೆ ಜೋರಾದ ವರ್ಷ ಬೆಣ್ಣಿಹಳ್ಳವು ಉಕ್ಕಿ ಹೊಲಗಳನ್ನು ಕೊಚ್ಚುವುದೂ, ಬೇಸಗೆಯಲ್ಲಿ ಅದೇ ಊರಿಗೆ ಟ್ಯಾಂಕರು ಬರುವುದೂ ಒಂದೇ ಮಣ್ಣಿನ ಎರಡು ಗುಣಗಳು.

1962ರಲ್ಲಿ ಒಂದೇ ನಗರಪಾಲಿಕೆಯಾದ ಹುಬ್ಬಳ್ಳಿ-ಧಾರವಾಡಗಳ ಬಾಯಾರಿಕೆಯನ್ನು ಕಾಲಡಿಯ ಬಂಡೆಯು ತೀರಿಸಲಾರದೆಂಬುದು ಬಹುಬೇಗನೆ ಮನವರಿಕೆಯಾಯಿತು. ಕಲಘಟಗಿ ತಾಲೂಕಿನ ನೀರಸಾಗರವು ಮಳೆ ಕೈಕೊಟ್ಟ ವರ್ಷ ತಳ ತೋರಿಸುತ್ತದೆ; ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ನೀರನ್ನು ಮೇಲೆತ್ತಿ ತರಬೇಕಾಯಿತು. ಮಹದಾಯಿ ಕಣಿವೆಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಲೆಂದು ನಡೆದ ಹೋರಾಟವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 2018ರಲ್ಲಿ ಮಹದಾಯಿ ನ್ಯಾಯಮಂಡಳಿಯು ಆ ಎರಡು ಹಳ್ಳಗಳಿಂದ 3.9 ಟಿಎಂಸಿ ನೀರನ್ನು ಕರ್ನಾಟಕಕ್ಕೆ ಕೊಟ್ಟಿತೆಂಬುದನ್ನು ಓದುಗರು ಬಲ್ಲರು. ದೂರದ ನೀರಿಗಾಗಿ ಇಷ್ಟು ಬಡಿದಾಡಿದ ನಾವು ಹತ್ತಿರದ ನೀರಿನ ಲೆಕ್ಕವನ್ನು ಅಷ್ಟೇ ಆಸಕ್ತಿಯಿಂದ ಕೇಳಿದವರಲ್ಲ.

ಲೆಕ್ಕವಿಡುವವರು ಇಲ್ಲವೆಂದಲ್ಲ. ಕೇಂದ್ರದಲ್ಲಿ 1970ರಲ್ಲಿ ಅಂತರ್ಜಲ ಮಂಡಳಿಯು ರೂಪುಗೊಂಡಿತು. 1972ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಂತರ್ಜಲ ಶಾಖೆಯನ್ನು ಅದರಲ್ಲಿ ವಿಲೀನಗೊಳಿಸಲಾಯಿತು. ಕಲ್ಲಿನ ನಕ್ಷೆ ಒಂದು ಕಚೇರಿಯಲ್ಲಿಯೂ ನೀರಿನ ನಕ್ಷೆ ಇನ್ನೊಂದರಲ್ಲಿಯೂ ನೆಲೆಗೊಂಡದ್ದು ಆಡಳಿತಕ್ಕೆ ಅನುಕೂಲವಾಗಿರಬಹುದು, ರೈತನಿಗೆ ಆಗಲಿಲ್ಲವೆಂದೇ ನನ್ನ ಅಭಿಪ್ರಾಯ. ನಮ್ಮ ರಾಜ್ಯದಲ್ಲಿ ಈ ಎರಡನ್ನೂ ಒಂದೇ ಕಣ್ಣಿನಿಂದ ನೋಡಿದವರೆಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಪಿ. ರಾಧಾಕೃಷ್ಣ (1918-2012). ಚಿನ್ನದ ಶಿಲೆಗಳನ್ನು ಕುರಿತು ಜೀವಮಾನವೆಲ್ಲ ಚಿಂತಿಸಿದ ಅವರೇ ಅಂತರ್ಜಲದ ಶೋಧನೆಗೆ ಇಲಾಖೆಯಲ್ಲಿ ಸ್ಥಾನ ಕಲ್ಪಿಸಿದರು. 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘದ ಬೆನ್ನೆಲುಬಾಗಿ ನಿಂತದ್ದಲ್ಲದೆ, ಅಂತರ್ಜಲದ ವಿಷಯವನ್ನು ಸಾಮಾನ್ಯ ಓದುಗನಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯುವ ಶ್ರಮವನ್ನೂ ವಹಿಸಿದರು. ಅಷ್ಟು ದೊಡ್ಡ ಅಧಿಕಾರಿಯು ಕೈಗೊಂಡ ಆ ಚಿಕ್ಕ ಕಾರ್ಯವನ್ನು ಅವರ ಹಿಂದೆ ಬಂದ ಕಚೇರಿಗಳು ಮುಂದುವರಿಸಿದ್ದು ಕಾಣುವುದಿಲ್ಲ.

ಇಂದು ರೈತನು ಕೊಳವೆಬಾವಿಗೆ ಸ್ಥಳ ಗೊತ್ತುಮಾಡುವ ಬಗೆಯನ್ನು ನೋಡಿರಿ. ಅಂಗೈಯಲ್ಲಿ ತೆಂಗಿನಕಾಯಿಯನ್ನು ಹಿಡಿದು ಹೊಲದಲ್ಲಿ ಸುತ್ತುವವನಿಗೆ ಹಣ ಕೊಡುತ್ತಾನೆ. ಕಾಯಿ ಎದ್ದು ನಿಂತ ಕಡೆ ಬೋರು ಕೊರೆಸುತ್ತಾನೆ. ನೀರು ಬಾರದಿದ್ದರೆ ಸಾಲದ ಮೇಲೆ ಸಾಲ ಮಾಡಿ ಇನ್ನೊಂದು ಕೊರೆಸುತ್ತಾನೆ. ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ, ಅದಕ್ಕೆ ನೆಲವು ಒಡ್ಡುವ ತಡೆಯನ್ನು ಅಳೆದು, ಜೀರ್ಣಪದರ ಎಷ್ಟು ಆಳ, ಗಟ್ಟಿಬಂಡೆ ಎಲ್ಲಿಂದ ಮೊದಲು ಎಂಬುದನ್ನು ಊಹಿಸುವ ಉಪಕರಣಗಳು ಸರಕಾರಿ ಇಲಾಖೆಗಳಲ್ಲಿವೆ. ಆ ಊಹೆಯೂ ಕೆಲವೊಮ್ಮೆ ತಪ್ಪುವುದುಂಟು, ಆದರೆ ತಪ್ಪಿದ್ದೇಕೆಂಬುದನ್ನು ಮರುಪರಿಶೀಲಿಸುವ ದಾರಿ ಅಲ್ಲಿದೆ, ತೆಂಗಿನಕಾಯಿಗೆ ಅದಿಲ್ಲ. ಆದರೂ ರೈತನನ್ನು ಗೇಲಿ ಮಾಡುವುದು ತರವಲ್ಲ. ಕಾಯಿ ಹಿಡಿದವನು ಅವನ ಭಾಷೆಯಲ್ಲಿ ಮಾತನಾಡುತ್ತಾನೆ, ಕರೆದ ದಿನ ಬರುತ್ತಾನೆ. ಭೂನಕ್ಷೆಯು ಇಂಗ್ಲಿಷಿನಲ್ಲಿದೆ, ಅದರ ವಿವರಣೆ ಅಂತರ್ಜಾಲದ ಯಾವುದೋ ಮೂಲೆಯಲ್ಲಿದೆ, ಅದನ್ನು ತೆರೆದರೂ ಓದಲು ಒಂದು ಪದವಿಯ ಅಭ್ಯಾಸ ಬೇಕು. 2011ರ ಅಂತರ್ಜಲ ಕಾಯಿದೆಯು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಬಾವಿ ಕೊರೆಯುವುದನ್ನು ನಿಯಂತ್ರಿಸುತ್ತದೆ. ಎಲ್ಲಿ ಕೊರೆಯಬಾರದೆಂದು ಹೇಳಿದ ಸರಕಾರವು ಎಲ್ಲಿ ಕೊರೆಯಬಹುದೆಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಿದರೆ ನ್ಯಾಯವಾದೀತು.

ಈ ಕೆಲಸಕ್ಕೆ ಬೇಕಾದವರೆಲ್ಲ ಒಂದೇ ಊರಿನಲ್ಲಿದ್ದಾರೆ. ಶಿಲೆಯನ್ನು ಬಲ್ಲ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ, ಮಣ್ಣನ್ನು ಬಲ್ಲ ಕೃಷಿ ವಿಶ್ವವಿದ್ಯಾಲಯ, ಕಾಲುವೆಯ ನೀರನ್ನೂ ಅದರಿಂದಾದ ಸವಳು-ಜವಳುಗಳನ್ನೂ ಬಲ್ಲ ವಾಲ್ಮಿ ಎಂಬ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಈ ಮೂರೂ ಧಾರವಾಡದ ಆಸುಪಾಸಿನಲ್ಲಿಯೇ ಇವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಅರ್ಧ ದಿನವೂ ಬೇಡ. ಮೂವರೂ ಕೂಡಿ ಕುಳಿತು, ಕಲ್ಲು, ಮಣ್ಣು, ನೀರಿನ ಆಳ, ಸವಳಿನ ಪ್ರಮಾಣ ಇವಿಷ್ಟನ್ನು ಒಂದೇ ಹಾಳೆಯ ಮೇಲೆ ಕನ್ನಡದಲ್ಲಿ ಅಚ್ಚುಹಾಕಿ, ತಾಲೂಕಿಗೊಂದರಂತೆ ಸಿದ್ಧಪಡಿಸಿ, ಪ್ರತಿಯೊಂದು ಗ್ರಾಮ ಪಂಚಾಯಿತಿಯ ಗೋಡೆಗೆ ತೂಗುಹಾಕಿಸಲಿ. ವರ್ಷಕ್ಕೊಮ್ಮೆ ಬಾವಿಗಳನ್ನು ಅಳೆದು ಅದನ್ನು ತಿದ್ದಲಿ. ಜಿಲ್ಲೆಯ ಎಲ್ಲ ತಾಲೂಕುಗಳನ್ನು ಒಮ್ಮೆಗೇ ಹಿಡಿಯುವುದು ಬೇಡ, ನವಲಗುಂದದಿಂದ ಮೊದಲಾಗಲಿ.